ಜನ್ನತಬಿಯ ಕಾರ್ಡು, ಶೇವಂತಾಳ ಕೈ

ನಿಪ್ಪಾಣಿಯ ಅಂಚಿನ ಓಣಿ. ಬೆಳಗಿನ ಐದೂವರೆ. ನೆನೆಸಿಟ್ಟ ಎಲೆಗಳನ್ನು ಒದ್ದೆ ಗೋಣಿಯಿಂದ ತೆಗೆದು ಶೇವಂತಾ ಕತ್ತರಿ ಹಿಡಿಯುತ್ತಾರೆ. ತೊಡೆಯ ಮೇಲೆ ಮೊರ, ಮೊರದಲ್ಲಿ ತಂಬಾಕು. ಎಲೆ ಸುತ್ತಿ, ಬೀಡಿಯ ತುದಿಯನ್ನು ಉಗುರಿನಿಂದ ಮಡಚಿ, ದಾರ ಕಟ್ಟಲು ಅವರಿಗೆ ಅರ್ಧ ನಿಮಿಷ ಸಾಕು.

ವಯಸ್ಸು ನಲವತ್ತೆರಡು. ವಿಧವೆ, ಮಕ್ಕಳಿಲ್ಲ. ದಿನಕ್ಕೆ ಸಾವಿರ ಬೀಡಿ. ಕಳೆದ ವರ್ಷ, 1996ರಲ್ಲಿ, ಹತ್ತು ತಿಂಗಳು ಸಾವಿರದ ಐನೂರು ಸುತ್ತಿದ್ದಾರೆ. ಹೆಚ್ಚಿನ ಐನೂರು ಪಕ್ಕದ ಮನೆಯ ಜನ್ನತಬಿಯ ಹೆಸರಿನವು.

ಇಪ್ಪತ್ತು ವರ್ಷ ಇಬ್ಬರೂ ಇದೇ ಕಟ್ಟೆಯ ಮೇಲೆ ಎದುರುಬದುರು ಕೂತವರು. ಲಾರಿ ಓಡಿಸುತ್ತಿದ್ದ ಜನ್ನತಬಿಯ ಗಂಡ 1994ರಲ್ಲಿ ಏಡ್ಸ್‌ನಿಂದ ತೀರಿಕೊಂಡರು. ಮರುವರ್ಷ ಮಿರಜದಲ್ಲಿ ರಕ್ತ ಪರೀಕ್ಷಿಸಿದಾಗ ಆಕೆಗೂ ಏಡ್ಸ್ ಎಂದು ತಿಳಿಯಿತು. ಜೊತೆಗೆ ಕೂತರೆ ಅಂಟುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಆದರೂ ಉಳಿದ ಹೆಂಗಸರು ಕಟ್ಟೆ ಬಿಟ್ಟು ಹೋದರು.

ಜನ್ನತಬಿಗೆ ಬೀಡಿ ಸುತ್ತುವ ಶಕ್ತಿ ಉಳಿಯಲಿಲ್ಲ. ಬೀಡಿ ಕಂಪನಿ ಕೊಟ್ಟ ಕಾರ್ಡಿಗೆ ವಾರವಾರ ಬೀಡಿ ಬರದಿದ್ದರೆ ಕಂಪನಿಯ ಶಾಖೆಯವರು ಹೆಸರು ತೆಗೆಯುತ್ತಾರೆ. ಹೆಸರು ಹೋದರೆ ಕಾರ್ಮಿಕರ ದವಾಖಾನೆಯ ಔಷಧವೂ ಇಲ್ಲ. ಶೇವಂತಾ ಆ ಕಾರ್ಡನ್ನೂ ಕೈಗೆತ್ತಿಕೊಂಡರು.

ಮೊದಲ ವಾರವೇ ತಪ್ಪಾಯಿತು. ತುದಿಯ ಮಡಿಕೆ ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಬಗೆ. ಶಾಖೆಯಲ್ಲಿ ಬೀಡಿ ಪರೀಕ್ಷಿಸಿ ಆರಿಸುವ ಜಯಪಾಲ ಎರಡೂ ಕಾರ್ಡಿನ ಕಟ್ಟು ಜೋಡಿಸಿ ನೋಡಿದರು.

“ಯಾಕ ಶೇವಂತಕ್ಕಾ, ಇಬ್ಬರ ನಡುವ ಒಂದ ಹೆಬ್ಬೆರಳೇನು? ಈ ವಾರ ಮಾಫ್. ಮುಂದಿನ ವಾರ ವಾಪಸ್ ಒಗೀತೀನಿ.”

ಅಂದು ಸಂಜೆ ಜನ್ನತಬಿ ಹಾಸಿಗೆಯಲ್ಲೇ ತಮ್ಮ ಮಡಿಕೆ ಕಲಿಸಿದರು. ಶೇವಂತಾ ನೆನೆಯುತ್ತಾರೆ: “‘ಎಡಗೈಲೆ ಮಡಚು ಬೇ. ಇಪ್ಪತ್ತ ವರ್ಷ ನನ್ನ ಮಾರಿ ಅಷ್ಟ ನೋಡಿದೇನು?’ ಅಂತಿದ್ಲ್ರಿ. ನಗಾಕ ಹೋದ್ರ ಕೆಮ್ಮು ಬರ್ತಿತ್ತು. ಬೈಯೂದು ಮಾತ್ರ ಬಿಡ್ಲಿಲ್ಲ.”

ನವೆಂಬರಿನಲ್ಲಿ ಜನ್ನತಬಿ ತೀರಿಕೊಂಡರು. ಔಷಧ ಇನ್ನು ಬೇಕಿರಲಿಲ್ಲ. ಆದರೂ ಮೂರು ವಾರ ಆ ಕಾರ್ಡಿಗೆ ಬೀಡಿ ಹೋಯಿತು. ಶಾಖೆಯಲ್ಲಿ ಕಾರ್ಡು ನೋಡಿ ಹೆಸರು ಕೂಗುತ್ತಾರೆ.

“ಓಣ್ಯಾಗ ಆಕಿ ಹೆಸರ ಯಾರೂ ಎತ್ತಾಂಗಿಲ್ರಿ. ಅಲ್ಲೆ ‘ಜನ್ನತಬಿ’ ಅಂತ ಕೂಗ್ತಿದ್ರು. ನಾ ‘ಓ’ ಅಂತಿದ್ದೆ.”

ನಾಲ್ಕನೇ ವಾರ ತಾವೇ ಹೋಗಿ ಕಾರ್ಡು ಒಪ್ಪಿಸಿದರು. “ಗೊತ್ತಿತ್ತಕ್ಕಾ” ಎಂದಷ್ಟೇ ಹೇಳಿ ಜಯಪಾಲ ರಿಜಿಸ್ಟರಿನಲ್ಲಿ ಗೆರೆ ಎಳೆದರು.

ಈಗ ಕಟ್ಟೆಯ ಮೇಲೆ ಒಬ್ಬರೇ. ಹೋದ ಹೆಂಗಸರು ಇನ್ನೂ ಇತ್ತ ಸುಳಿದಿಲ್ಲ. ಪತ್ರಿಕೆಯಲ್ಲಿ ಏನು ಬರೆಯಬೇಕು ಎಂದು ಕೇಳಿದರೆ ಶೇವಂತಾ ಕತ್ತರಿ ಕೆಳಗಿಡುತ್ತಾರೆ.

“ಆಕಿ ಹೆಸರ ಬರೀರಿ. ಆ ಹೆಸರಿನ ಒಂದ ಕಟ್ಟೂ ವಾಪಸ್ ಬಂದಿಲ್ಲ, ಅದನ್ನೂ ಬರೀರಿ.”