ಮುಂದಿನ ತೊಲೆಗೆ ಇನೊಸುಕೆಯ ಮನೆಯವರು

ಪಕ್ಕದ ಮನೆಯ ಇನೊಸುಕೆ ಚಾಪೆ ಹೊಲಿಯುವವನು. ನಮ್ಮ ಫುಕಗಾವಾ ಪೇಟೆಯ ಬೇಸಿಗೆ ಹಬ್ಬದಲ್ಲಿ ದೇವರ ಪಲ್ಲಕ್ಕಿಯ ಮುಂದಿನ ತೊಲೆಗೆ ಹರೆಯದಿಂದಲೂ ಹೆಗಲು ಕೊಟ್ಟವನು. ಕೋಪವಂತೂ ಮೂಗಿನ ತುದಿಯಲ್ಲೇ. ನನ್ನ ಹಪ್ಪಳದಂಗಡಿಗೆ ಬಂದರೆ ಹಪ್ಪಳಕ್ಕಿಂತ ಮೊದಲು ನನ್ನನ್ನು ಹುರಿದುಹಾಕುತ್ತಿದ್ದ.

ಹೋದ ಚಳಿಗಾಲ ಅವನ ಕಾಲಿನ ಸ್ವಾಧೀನ ತಪ್ಪಿತು. ಮಹಡಿಯ ಕೋಣೆಯೇ ಗತಿಯಾಯಿತು. ಆದರೆ ಅವನನ್ನು ಕೊರೆಯುತ್ತಿದ್ದದ್ದು ಕಾಲಲ್ಲ. ತಾತನ ಕಾಲದಿಂದ ಪಲ್ಲಕ್ಕಿ ಹೊತ್ತ ಮನೆಯಿಂದ ಈ ಸಲ ಯಾರೂ ಇಲ್ಲವಲ್ಲ ಎಂಬ ಸಂಕಟ. ಗಂಡುಮಕ್ಕಳಿಲ್ಲ. ಮಗಳು ಮಿನೆಕೊ ತಾನು ಹೊರುತ್ತೇನೆಂದು ಕೇಳಿದಾಗಲೆಲ್ಲ "ಹೆಂಗಸ್ರ ಕೈಲಿ ಆಗೋದಲ್ಲ" ಎಂದು ಬಾಯಿ ಮುಚ್ಚಿಸಿದವನು ಇವನೇ. ಅನುಭವಿಸಲಿ ಎಂದು ನಾನೂ ಸುಮ್ಮನಿದ್ದೆ.

ಹಬ್ಬದ ಬೆಳಿಗ್ಗೆ ಮೇಲೆ ಹೋದರೆ ನಮ್ಮ ಬೀದಿಯ ಪಲ್ಲಕ್ಕಿ ಹೊರುವವರ ನೀಲಿ ಅಂಗಿ ತೊಟ್ಟು, ಕಿಟಕಿ ಮುಚ್ಚಿಕೊಂಡು ಕೂತಿದ್ದ.

"ಕಿಟಕಿ ತೆಗೀಲೇನೋ?" ಅಂದೆ.

"ದೇವ್ರನ್ನ ಮೇಲ್ಗಡೆಯಿಂದ ನೋಡ್ತಾರೇನೆ? ಇಷ್ಟು ವಯಸ್ಸಾದ್ರೂ ಬುದ್ಧಿ ಬರ್ಲಿಲ್ಲ ನಿಂಗೆ."

"ಹಂಗಾದ್ರೆ ಕೆಳಗೆ ಬಾ ಮಾರಾಯ."

"ಯಾರು ಹೊರ್ತಾರೆ, ನೀನಾ?"

ಮಿನೆಕೊ ಬಂದು ಅವನಿಗೆ ಬೆನ್ನು ಕೊಟ್ಟು ಕುಕ್ಕರಿಸಿದಳು. "ಗಟ್ಟಿಯಾಗಿ ಹಿಡ್ಕೊ ಅಪ್ಪ."

ಅವನು ಗೊಣಗುತ್ತ ಅವಳ ಹೆಗಲಿಗೆ ಕೈ ಹಾಕಿದ. ಬೆರಳು ಏನನ್ನೋ ತಡವುತ್ತಿತ್ತು. ತೊಲೆ ಒತ್ತಿ ಒತ್ತಿ ಹೊರುವವರ ಹೆಗಲಲ್ಲಿ ಜಡ್ಡುಗಟ್ಟುವ ಉಬ್ಬು ಅದು. ಒಂದೆರಡು ಹಬ್ಬಕ್ಕೆ ಏಳುವಂಥದ್ದಲ್ಲ.

"ಎಲ್ಲಿ ಹೊತ್ತೆ?"

"ಕಾಲುವೆ ಆಚೆ ಬೀದಿಯೋರದ್ದು. ಇಲ್ಲಿ ನೀನು ಬಿಡ್ಲಿಲ್ವಲ್ಲ."

"ಯಾವಾಗಿಂದ?"

"ಅಮ್ಮ ಇದ್ದಾಗಿಂದ. ಅವಳಿಗೆ ಗೊತ್ತಿತ್ತು."

ಮಿನೆಕೊ ನನಗೂ ಹೇಳಿರಲಿಲ್ಲ, ಕಳ್ಳಿ. ಈಗ ಬೈಗುಳದ ಸುರಿಮಳೆಯೇ ಎಂದುಕೊಂಡೆ. ಇನೊಸುಕೆ ಎರಡೂ ಕೈಯಿಂದ ಅವಳನ್ನು ಗಟ್ಟಿಯಾಗಿ ಹಿಡಿದುಕೊಂಡ. ಅವಳು ಆ ಕಡಿದಾದ ಮೆಟ್ಟಿಲನ್ನು ಒಂದೇ ಸಮನೆ ಇಳಿದು, ಅವನನ್ನು ನನ್ನ ಅಂಗಡಿ ಮುಂದಿನ ಬೆಂಚಿನ ಮೇಲೆ ಕೂರಿಸಿದಳು.

ಪಲ್ಲಕ್ಕಿ ತಿರುವಿಗೆ ಬಂತು. ಇನೊಸುಕೆ ತನ್ನ ನೀಲಿ ಅಂಗಿ ಬಿಚ್ಚಿ ಮಗಳ ಮೇಲೆ ಎಸೆದ. ಅದಿಲ್ಲದೆ ನಮ್ಮ ಪಲ್ಲಕ್ಕಿಯನ್ನು ಯಾರೂ ಮುಟ್ಟುವಂತಿಲ್ಲ.

"ಮುಂದಿನ ತೊಲೆ ಹಿಡಿ. ಹಿಂದೆ ನಿಂತ್ಯೋ, ಮನೆಗೆ ಬರ್ಬೇಡ."

ಹೊರುವವರ ಮೇಲೆ ಬೀದಿಯವರು ಎರಚುವ ಹಬ್ಬದ ನೀರಿನ ನಡುವೆ ಅವಳು ನುಗ್ಗಿದಳು. ಹೊರುವವರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು. ನಮ್ಮೆದುರು ಬಂದಾಗ ಎಲ್ಲರೂ ಇನೊಸುಕೆಗೆ ಮರ್ಯಾದೆಯೆಂದು ಪಲ್ಲಕ್ಕಿಯನ್ನು ತಲೆಯೆತ್ತರಕ್ಕೆ ಎತ್ತಿ ಹಿಡಿದರು. ನನ್ನ ಎದೆ ಉಬ್ಬಿಹೋಯಿತು, ಸುಳ್ಳೇಕೆ ಹೇಳಲಿ.

ಬೆಂಚಿನಲ್ಲಿದ್ದ ಮೀನಿನಂಗಡಿಯವನು ಬಗ್ಗಿ ನೋಡಿ ಕೇಳಿದ. "ಯಾರಣ್ಣ ಅದು, ನಿನ್ನ ಜಾಗದಲ್ಲಿ?"

"ಕಣ್ಣು ಕಾಣಲ್ವಾ? ನನ್ನ ಮಗಳು," ಎಂದ ಇನೊಸುಕೆ, ಬರೀ ಬನಿಯನ್ನಿನಲ್ಲಿ ನೆಟ್ಟಗೆ ಕೂತು. "ಆ ಜಾಗ ನಂದಲ್ಲ. ಅವಳದು."