ಹಳೇಬೀಡಿನ ಫೋಟೋಗೆ ತಡೆ

ಸ್ನೇಹಿತರೇ, ನಮ್ಮ ಕಂಪನಿ ಪರದೇಶದ ಸರ್ಕಾರವೊಂದಕ್ಕೆ ಇಂಟರ್‌ನೆಟ್ಟಿನ ಅಶ್ಲೀಲ ಚಿತ್ರ ತಡೆಯುವ ಸಾಫ್ಟ್‌ವೇರ್ ಮಾಡಿಕೊಟ್ಟಿದೆ. "ಬರಿಮೈ ಕಂಡರೆ ಸಾಕು, ತಡೆಯಿರಿ" ಎಂದು ಹಟ ಹಿಡಿದಿದ್ದ ಅಲ್ಲಿನ ಅಧಿಕಾರಿಯನ್ನು ಇವತ್ತು ಹಳೇಬೀಡಿಗೆ ಕರೆದೊಯ್ದಿದ್ದೆ. ಗುಡಿಯ ಗೋಡೆಯ ನರ್ತಕಿ ಶಿಲ್ಪದ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಬಸ್ ನಿಲ್ದಾಣದ ಸೈಬರ್ ಕೆಫೆಯಿಂದ ತಮ್ಮ ದೇಶದಲ್ಲಿದ್ದ ಹೆಂಡತಿಗೆ ಕಳಿಸಿದರು.

ತಕ್ಷಣ ಆಕೆಯ ಫೋನ್ ಬಂತು. ಅಶ್ಲೀಲವೆಂದು ಫೋಟೋ ತಡೆಯಲಾಗಿದೆಯಂತೆ. ಅಧಿಕಾರಿ ಕೆಂಪಾದರು.

ವಿಷಯ ತಿಳಿದ ಕೆಫೆಯ ಜಯಮ್ಮ, "ದೇವಸ್ಥಾನದ್ದು ಕಣ್ರೀ, ಅದ್ರಲ್ಲೇನೈತೆ?" ಎಂದರು.

"ಇದೊಂದನ್ನು ಬಿಡಿಸಿ" ಎಂದು ಅಧಿಕಾರಿ ನನ್ನ ಕಿವಿಯಲ್ಲಿ ಹೇಳಿದರು.

"ನಿಮ್ಮ ಇಲಾಖೆ ಒಪ್ಪಬೇಕು, ಸಾರ್."

"ಇಲಾಖೆ ಅಂದರೆ ನಾನೇ."

"ಹಾಗಾದರೆ ಇದು ಅಶ್ಲೀಲವಲ್ಲ ಅಂತ ಬರೆದು ಸಹಿ ಹಾಕಿ."

ಅವರು ಸಹಿ ಹಾಕಲಿಲ್ಲ. ಕೆರೆ ಏರಿಯ ಮೇಲೆ ನಿಂತು ಇನ್ನೊಂದು ಫೋಟೋ ತೆಗೆಸಿ ಕಳಿಸಿದರು. ಅದು ಸಲೀಸಾಗಿ ತಲುಪಿತು.

"ಅಷ್ಟು ದೂರ ಹೋಗಿ ನೋಡಿದ್ದು ಬರೀ ಕೆರೆಯಾ?" ಎಂದು ಹೆಂಡತಿ ಕೇಳಿದರಂತೆ.