ಮಗುವಿನ ಮಾತಿಗೆ ಪುಸ್ತಕ ಹುಡುಕಿದ್ದು

"ಈ ಭಾಷೆಗೆಲ್ಲ ಪುಸ್ತಕ ಸಿಗಲ್ಲ ಕಣಕ್ಕ, ಅಂಗೈ ಅಗಲದ ದೇಶ" ಎಂದು ತಂಗಿ ಫೋನಿನಲ್ಲಿ ಹೇಳಿದಾಗ ನಾನು ನಂಬಿದೆ. ನಂಬದೆ ಏನು ಮಾಡಲಿ? ಅವಳು ಸ್ಲೊವೇನಿಯಾದಲ್ಲಿ ಸಂಸಾರ ಹೂಡಿರುವವಳು. ನಾನು ಮುಳಬಾಗಿಲಿನಿಂದ ಶ್ರೀನಿವಾಸಪುರದ ಹೈಸ್ಕೂಲಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಲೆಕ್ಕದ ಟೀಚರು.

ಅವಳ ಗಂಡ ಆ ದೇಶದವನೇ. ಮಗಳಿಗೆ ಈಗ ಐದು ವರ್ಷ. ಎಳೆಗೂಸಾಗಿದ್ದಾಗ ಒಮ್ಮೆ ಎತ್ತಿಕೊಂಡು ಬಂದಿದ್ದರು. ಕುರುಡುಮಲೆ ಗಣಪನ ಮುಂದೆ ತಂಗಿ ಕೂಸನ್ನು ನನ್ನ ಮಡಿಲಿಗೆ ಹಾಕಿ, "ಇವಳು ಅರ್ಧ ನಿಂದೇ ಕಣಕ್ಕ, ನಿನ್ನ ಹತ್ರಾನೇ ಮಾತು ಕಲೀಲಿ" ಎಂದಳು. ಮದುವೆಯಿಲ್ಲದ, ಮಕ್ಕಳಿಲ್ಲದ ನನಗೆ ಆ ಮಾತು ಎಷ್ಟು ಕಾಲ ಹೊಟ್ಟೆ ತುಂಬಿಸಿತು ಎಂದು ಅವಳಿಗೆ ಗೊತ್ತಿರಲಿಲ್ಲವೇನೋ. ಗೊತ್ತಿತ್ತು ಎಂದೇ ಈಗ ಅನಿಸುತ್ತದೆ.

ಮಗುವಿಗೆ ಅವಳು ಕನ್ನಡವನ್ನೂ ಕಲಿಸಲಿಲ್ಲ, ನಮ್ಮ ಮನೆಯ ತೆಲುಗನ್ನೂ ಕಲಿಸಲಿಲ್ಲ. ಕೇಳಿದರೆ, "ಸ್ಕೂಲಲ್ಲಿ ಕನ್ಫ್ಯೂಸ್ ಆಗ್ತಾಳೆ" ಎನ್ನುತ್ತಿದ್ದಳು. ವಿಡಿಯೋ ಕಾಲಿನಲ್ಲಿ ಮಗು ಕೈ ಬೀಸುವುದು, ನಾನು ಕೈ ಬೀಸುವುದು, ಅಲ್ಲಿಗೆ ಮುಗಿಯಿತು ನಮ್ಮ ಸಂಬಂಧ. ಸರಿ, ಮಗು ನನ್ನ ಕಡೆ ಬರದಿದ್ದರೆ ನಾನೇ ಅದರ ಕಡೆ ಹೋಗುತ್ತೇನೆ ಎಂದುಕೊಂಡೆ. ಬೇಸಿಗೆ ರಜೆಯಲ್ಲಿ ಹೋಗಿ ಪಕ್ಕದಲ್ಲಿ ಕೂತು ಅದರ ಮಾತಿನಲ್ಲೇ ಒಂದು ಕಥೆ ಹೇಳಬೇಕು. ಇದ್ದದ್ದು ಅದೊಂದೇ ಆಸೆ. ಪುಸ್ತಕ ಸಿಗುವುದಿಲ್ಲ ಎಂದ ತಂಗಿಗೆ "ಹೋಗ್ಲಿ ಬಿಡು" ಎಂದು, ಗುಟ್ಟಾಗಿ ಹುಡುಕತೊಡಗಿದೆ. ರಜೆಯಲ್ಲೇ ಬರುವ ಮಗುವಿನ ಹುಟ್ಟುಹಬ್ಬಕ್ಕೆ ಎಲ್ಲರನ್ನೂ ಬೆರಗು ಮಾಡುವ ಉಮೇದು ನನ್ನದು.

ನಮ್ಮ ಸೀಮೆಯವರಿಗೆ ಭಾಷೆ ಕಲಿಯಲು ಪುಸ್ತಕ ಬೇಕು ಎನ್ನುವುದೇ ಹೊಸ ವಿಷಯ. ತೆಲುಗು ನಮಗೆ ಕಿವಿಯಿಂದಲೇ ಬಂದದ್ದು. ಬಂದಮೇಲೆ ಅದಕ್ಕೊಂದು ಕೆಲಸವನ್ನೂ ಕೊಟ್ಟಿದ್ದೇವೆ. ನೆಂಟರ ಎದುರೇ ನೆಂಟರ ಮಾತು ಆಡಬೇಕಾದರೆ ತೆಲುಗಿಗೆ ಜಾರಿಕೊಳ್ಳುವುದು. ನನ್ನನ್ನು ನೋಡಲು ಮೈಸೂರು ಕಡೆಯ ಗಂಡು ಬಂದಿದ್ದಾಗ, ಅವರು ಉಪ್ಪಿಟ್ಟು ತಿನ್ನುತ್ತಿರುವಾಗಲೇ ಅಮ್ಮ ಅಪ್ಪನಿಗೆ, "ಪಿಲ್ಲೋಡಿಕಿ ಬೊಜ್ಜ ಪೆದ್ದದೇ" ಎಂದಳು, ಹುಡುಗನ ಹೊಟ್ಟೆ ದೊಡ್ಡದೇ ಎಂದು. ಗಂಡಿನ ತಾಯಿ ತಟ್ಟೆಯಿಂದ ತಲೆ ಎತ್ತದೆ, "ಪೆಳ್ಳಯ್ಯಾಕ ತಗ್ಗುತುಂದಿಲೇಮ್ಮಾ" ಎಂದರು. ಮದುವೆಯಾದ ಮೇಲೆ ಇಳಿಯುತ್ತದಂತೆ! ನಾನೂ ತಂಗಿಯೂ ಅಡುಗೆಮನೆಗೆ ಓಡಿಹೋಗಿ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆವು. ಆ ಸಂಬಂಧ ಕುದುರಲಿಲ್ಲ, ಮುಂದೆ ಬಂದ ಯಾವುದೂ ಕುದುರಲಿಲ್ಲ.

ಕೋಲಾರದ ಪುಸ್ತಕದಂಗಡಿಯವನು ನನ್ನ ಪ್ರಶ್ನೆ ಕೇಳಿ ಕನ್ನಡಕ ತೆಗೆದು ಒರೆಸಿದ. "ಸ್ಲೊವೇನಿಯಾನಾ? ರಷ್ಯನ್ ಆದ್ರೆ ತರಿಸ್ಕೊಡ್ತೀನಿ ಮೇಡಂ, ಅಡ್ಜಸ್ಟ್ ಆಗುತ್ತಾ?" ಭಾಷೆಯೇನು ಚಪ್ಪಲಿಯೇ, ಒಂದು ಅಳತೆ ಹೆಚ್ಚುಕಮ್ಮಿ ಹಾಕಿಕೊಳ್ಳಲು? ಮೊಬೈಲಿನಲ್ಲಿ ಭಾಷೆ ಕಲಿಸುವ ಹೆಸರುವಾಸಿ ಆಪುಗಳಲ್ಲಿ ಹುಡುಕಿದರೆ ಸುತ್ತಮುತ್ತಲ ದೇಶಗಳ ಭಾಷೆಗಳಿದ್ದವು, ಇದೊಂದಿಲ್ಲ. ಕೊನೆಗೆ ಸಹೋದ್ಯೋಗಿಯೊಬ್ಬಳ ಗಂಡ ಲಕ್ಕೂರಿನ ಹತ್ತಿರದ ಕಾರ್ಖಾನೆಯಿಂದ ಒಂದು ಕೈಪಿಡಿ ತಂದುಕೊಟ್ಟ. ಯುರೋಪಿನಿಂದ ಬಂದ ಯಾವುದೋ ಯಂತ್ರದ್ದು. ಅದರಲ್ಲಿ ಒಂದೇ ಎಚ್ಚರಿಕೆಯನ್ನು ಹತ್ತಾರು ಭಾಷೆಗಳಲ್ಲಿ ಅಚ್ಚು ಹಾಕಿದ್ದರು. ಹೀಗೆ ನಾನು ಕಲಿತ ಮೊದಲ ಸ್ಲೊವೇನಿಯನ್ ಪದ 'ಪೊಜೋರ್', ಅಂದರೆ ಜೋಕೆ. ಎರಡನೆಯದು, ಒಳಗೆ ಕೈ ಹಾಕಬೇಡಿ. ಮಗುವಿಗೆ ಹೇಳುವ ಕಥೆಗೆ ಒಳ್ಳೆಯ ಆರಂಭ!

ಆಮೇಲೆ ಒಂದು ಭಾನುವಾರ ಶಾಲೆಯ ಕಂಪ್ಯೂಟರಿನಲ್ಲಿ ಪಟ್ಟು ಹಿಡಿದು ಕೂತೆ. ಆ ದೇಶದ ಒಂದು ವಿಶ್ವವಿದ್ಯಾಲಯದವರು ಪಾಠಗಳನ್ನು ಪುಕ್ಕಟೆಯಾಗಿ ಹರವಿಟ್ಟಿದ್ದರು. ಧ್ವನಿ, ಚಿತ್ರ, ಅಭ್ಯಾಸ ಎಲ್ಲ ಇತ್ತು. ಅಲ್ಲಿನ ರೇಡಿಯೋದಲ್ಲಿ ಮಕ್ಕಳ ಕಥೆಗಳೂ ಇದ್ದವು. ಇಷ್ಟು ಸುಲಭಕ್ಕೆ ಸಿಗುವುದು ಅಲ್ಲೇ ಇರುವ ತಂಗಿಗೆ ಹೇಗೆ ಸಿಗಲಿಲ್ಲ ಎಂಬ ಮುಳ್ಳು ಅಂದೇ ಚುಚ್ಚಿತು. ಪಾಪ, ಅವಳಿಗೆಲ್ಲಿ ಪುರುಸೊತ್ತು ಎಂದು ನಾನೇ ಅದನ್ನು ಕಿತ್ತು ಹಾಕಿದೆ. ಬಸ್ಸಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾವಿನ ತೋಪುಗಳನ್ನು ನೋಡುತ್ತ ಗೊಣಗುತ್ತಿದ್ದರೆ ಕಂಡಕ್ಟರು, "ಟೀಚರಮ್ಮಾ, ಏನ್ ಮಂತ್ರ ಅದು?" ಎನ್ನುತ್ತಿದ್ದ. 'ನೆ ರಜೂಮೆಮ್' ಎನ್ನುತ್ತಿದ್ದೆ. ನನಗೆ ಅರ್ಥವಾಗುವುದಿಲ್ಲ ಎಂದು. ಮೊದಲ ಪಾಠದ ವಾಕ್ಯ ಅದು.

ಪರೀಕ್ಷೆಗಳು ಮುಗಿಯುವ ಹೊತ್ತಿಗೆ ಪಾಸ್‌ಪೋರ್ಟೂ ಬಂತು. ಅಂದು ಸಂಜೆ ತಂಗಿ ವಿಡಿಯೋ ಕಾಲ್ ಮಾಡಿದಾಗ, "ಈ ರಜಕ್ಕೆ ಬರ್ತೀನಿ ಕಣೇ" ಎಂದೆ. ಅವಳು ಸಲೀಸಾಗಿ, "ಬಾ ಅನ್ನೋ ಆಸೆ ನಂಗಿಲ್ವಾ ಅಕ್ಕ? ಮನೆ ಚಿಕ್ಕದು, ಮಲಗಕ್ಕೆ ಒಂದು ರೂಮಿಲ್ಲ" ಎಂದಳು.

ಅವಳ ತೊಡೆಯ ಮೇಲಿದ್ದ ಮಗು ದೊಡ್ಡಮ್ಮ ಏನನ್ನುತ್ತಿದ್ದಾಳೆ ಎಂದು ತನ್ನ ಮಾತಿನಲ್ಲಿ ಕೇಳಿತು. ತಂಗಿ ಅದೇ ಮಾತಿನಲ್ಲಿ, ಬರಬೇಕಂತೆ, ರೂಮಿಲ್ಲ ಅಂದೆ ಎಂದಳು. ಮಗು ಹುಬ್ಬು ಗಂಟಿಕ್ಕಿತು. "ಸೋಬಾ ಯೆ ಪ್ರಾಜ್ನಾ." ರೂಮು ಖಾಲಿ ಇದೆಯಲ್ಲ!

"ಶ್!" ಎಂದಳು ತಂಗಿ, ನನ್ನ ಕಡೆ ನಗುನಗುತ್ತಲೇ. "ಓನಾ ನೆ ರಜೂಮೆ." ಅವಳಿಗೆ ಅರ್ಥವಾಗುವುದಿಲ್ಲ.

ನನಗೆ ಕೋಪಕ್ಕಿಂತ ಮೊದಲು ನಾಚಿಕೆಯಾಯಿತು. ನೆಂಟರ ಎದುರು ಎಳೆಯುವ ನಮ್ಮ ಮನೆಯ ಆ ಮಾತಿನ ಪರದೆ ನನಗೆ ಚೆನ್ನಾಗಿ ಗೊತ್ತು. ಅದರ ಒಳಗೆ ನಾವಿಬ್ಬರೂ ಒಟ್ಟಿಗೆ ಕೂತು ನಕ್ಕವರು. ಈಗ ಅವಳು ನನ್ನನ್ನು ಹೊರಗೆ, ಉಪ್ಪಿಟ್ಟು ತಿನ್ನುವ ನೆಂಟರ ಸಾಲಿನಲ್ಲಿ ಕೂರಿಸಿದ್ದಳು. ಪುಸ್ತಕ ಏಕೆ ಸಿಗಲಿಲ್ಲ ಎಂಬುದೂ ಆಗ ತಿಳಿಯಿತು.

"ರಜೂಮೆಮ್" ಎಂದೆ. ಅರ್ಥವಾಗುತ್ತದೆ.

ತಂಗಿಯ ನಗು ಇಳಿಯಿತು. ತಪ್ಪಾಯಿತು ಎನ್ನುತ್ತಾಳೆಂದು ಕಾದೆ. "ಇದನ್ನ ಯಾವಾಗ ಕಲ್ತೆ ನೀನು? ನಮ್ಮನೆ ಮಾತು ಕದ್ದು ಕೇಳಕ್ಕಾ?" ಎಂದಳು. ನಮ್ಮನೆ. ಅದರಲ್ಲಿ ನಾನಿರಲಿಲ್ಲ.

ಮಗು ಮಾತ್ರ ಚಪ್ಪಾಳೆ ತಟ್ಟುತ್ತಿತ್ತು. ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದು, "ತೇತಾ, ಗ್ದಾಯ್ ಪ್ರೀದೆಶ್?" ಎಂದಿತು. ದೊಡ್ಡಮ್ಮ, ಯಾವಾಗ ಬರ್ತೀಯ?

ಅದರ ಉತ್ತರವನ್ನು ನಾನು ಬಸ್ಸಿನಲ್ಲಿ ಎಷ್ಟೋ ಸಲ ಉರು ಹೊಡೆದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ತಂಗಿ ಫೋನನ್ನು ಬೋರಲು ಹಾಕಿದಳು. ಕತ್ತಲೆಯೊಳಗಿಂದ ಮಗು ಮತ್ತೆ ಅದನ್ನೇ ಕೇಳಿತು.

"ಪೊಲೇತಿ" ಎಂದೆ. ಬೇಸಿಗೆಗೆ. ಅಷ್ಟರಲ್ಲಿ ಕಾಲ್ ಕಟ್ಟಾಗಿತ್ತು.